ಸೂರು ಮುಟ್ಟುವ ಮರಗಳ ಗಾಜಿನ ಮನೆ

ಲಂಡನ್ನಿನ ಕ್ಯೂ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದರೆ ಸಸ್ಯೋದ್ಯಾನದ ವಿಕ್ಟೋರಿಯಾ ಗೇಟಿಗೆ ಕೆಲವೇ ನಿಮಿಷದ ನಡಿಗೆ. ಒಳಹೊಕ್ಕು ಕೊಳದ ದಡಕ್ಕೆ ಬಂದರೆ ಎದುರಿಗೇ ಪಾಮ್ ಹೌಸ್. 1844ರಿಂದ 1848ರವರೆಗೆ ಕಟ್ಟಿದ ಈ ಗಾಜಿನ ಮನೆಯ ವಿನ್ಯಾಸ ಡೆಸಿಮಸ್ ಬರ್ಟನ್‌ನದು, ಕಬ್ಬಿಣದ ಕೆಲಸ ರಿಚರ್ಡ್ ಟರ್ನರ್‌ನದು. ನಡುವೆ ಕಂಬಗಳು ಅಡ್ಡಬರದಷ್ಟು ಅಗಲದ ಕಮಾನು ಎತ್ತಲು ಹಡಗು ಕಟ್ಟುವ ವಿದ್ಯೆಯನ್ನೇ ಇಲ್ಲಿ ಬಳಸಿದ್ದಾರೆ.

ಬಾಗಿಲು ದಾಟಿದ ಕೂಡಲೇ ಕನ್ನಡಕಕ್ಕೆ ಮಂಜು ಮುಸುಕುತ್ತದೆ. ಹೊರಗೆ ಕೋಟು ಬೇಕು, ಒಳಗೆ ಮಂಗಳೂರಿನ ಮೇ ತಿಂಗಳ ಸೆಕೆ. ಮೊದಲು ನೆಲದಡಿಯ ಬಾಯ್ಲರುಗಳೇ ಈ ಶಾಖ ಒದಗಿಸುತ್ತಿದ್ದವು. ಹೊಗೆ ಗಾಜಿಗೆ ಮೆತ್ತದಿರಲೆಂದು ಅದನ್ನು ಸುರಂಗದ ಮೂಲಕ ದೂರದ ಗೋಪುರಕ್ಕೆ ಸಾಗಿಸುತ್ತಿದ್ದರು. ಗಾಜು ಮಸುಕಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಗಿಡ ಸೊರಗುತ್ತದೆ.

ದಕ್ಷಿಣದ ತುದಿಯಲ್ಲಿ ಮನೆಯ ಹಿರಿಯನಿದ್ದಾನೆ. ದಕ್ಷಿಣ ಆಫ್ರಿಕಾದ ಈ ಸೈಕಡ್ ಗಿಡವನ್ನು ಫ್ರಾನ್ಸಿಸ್ ಮ್ಯಾಸನ್ 1775ರಲ್ಲಿ ಹಡಗಿನಲ್ಲಿ ತಂದ. ಜಗತ್ತಿನ ಅತಿ ಹಳೆಯ ಕುಂಡದ ಗಿಡವೆಂಬ ಖ್ಯಾತಿ ಇದರದು. ನೋಡಲು ತಾಳೆಯ ಜಾತಿ ಎನಿಸಿದರೂ ಅದಲ್ಲ. ಉದುರಿದ ಗರಿಗಳ ಗುರುತು ಹೊತ್ತ ಕಾಂಡ ಪೂರ್ತಿ ವಾಲಿದೆ. ಕಬ್ಬಿಣದ ಊರುಗೋಲುಗಳು ಅದನ್ನು ಹಿಡಿದು ನಿಲ್ಲಿಸಿವೆ. ತುದಿಯಲ್ಲಿ ಮಾತ್ರ ಹಸಿರು ಗರಿಗಳ ಕೊಡೆ. ವರ್ಷಕ್ಕೆ ಸುಮಾರು 2.5 ಸೆಂ.ಮೀ. ಬೆಳೆಯುವ ಇದನ್ನು 2009ರಲ್ಲಿ ಹೊಸ ಮಹಾಗನಿ ಪೆಟ್ಟಿಗೆಗೆ ಬದಲಿಸಿದರು. ಎರಡು ಶತಮಾನ ದಾಟಿಯೂ ಸೂರಿಗೆ ಇನ್ನೂ ಬಹಳ ದೂರ.

ನಡುಭಾಗದ ತಾಳೆಗಳದು ಬೇರೆಯೇ ಕಥೆ. ಸುರುಳಿ ಮೆಟ್ಟಿಲು ಹತ್ತಿ ಮೇಲಿನ ಅಟ್ಟಣೆಗೆ ಹೋದರೆ ಅವುಗಳ ನೆತ್ತಿಯನ್ನೇ ನೋಡಬಹುದು. ಒಂಟಿ ಕಾಂಡದ ತಾಳೆಗೆ ಬೆಳೆಯುವ ಸುಳಿ ಒಂದೇ. ಅದನ್ನು ಕತ್ತರಿಸಿದರೆ ಮರ ಸತ್ತಂತೆ. ಹಾಗಾಗಿ ಗಾಜು ಮುಟ್ಟಿದ ತಾಳೆಗೆ ಇಲ್ಲಿ ಉಳಿಗಾಲವಿಲ್ಲ, ಬುಡಕ್ಕೇ ಕೊಡಲಿ. ಇದೇ ಉದ್ಯಾನದ ಇನ್ನೊಂದು ಗಾಜಿನ ಮನೆ ಟೆಂಪರೇಟ್ ಹೌಸ್‌ನಲ್ಲಿ 1846ರಲ್ಲಿ ಬೀಜದಿಂದ ಬೆಳೆಸಿದ್ದ ಚಿಲಿಯ ತಾಳೆಯೂ ಸೂರು ಮುಟ್ಟಿ, ಕಟ್ಟಡದ ದುರಸ್ತಿಯ ಹೊತ್ತಿಗೆ ಹೀಗೇ ಹೋಯಿತು.

ಮನೆಯ ಹಜಾರಕ್ಕೆ ಮರದಂಥ ಗಿಡ ತರುವವರು ನರ್ಸರಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ: ತುದಿ ಚಿವುಟಿದರೆ ಬದುಕುತ್ತದೆಯೇ? ರಬ್ಬರ್ ಗಿಡ, ಫಿಡಲ್ ಲೀಫ್ ಎರಡೂ ಆಲದ ಕುಲದವು. ತುದಿ ಕತ್ತರಿಸಿದರೆ ಹಾಲು ಸುರಿಸುತ್ತವೆ, ಆಮೇಲೆ ಕೆಳಗಿನ ಗಿಣ್ಣುಗಳಲ್ಲಿ ಚಿಗುರೊಡೆಯುತ್ತವೆ. ಅಡಿಕೆಯಂಥ ಒಂಟಿ ಕಾಂಡದವಕ್ಕೆ ಆ ಭಾಗ್ಯವಿಲ್ಲ. ಅವನ್ನು ಇಡುವುದಾದರೆ ಚಿಕ್ಕ ಕುಂಡದಲ್ಲಿ, ನಿಧಾನವಾಗಿ ಬೆಳೆಯುವ ಜಾತಿಯನ್ನೇ ಆರಿಸಬೇಕು.

ಪಾಮ್ ಹೌಸ್‌ನಲ್ಲಿ ಬೆಳಕು ನಾಲ್ಕೂ ಕಡೆಯಿಂದ, ನೆತ್ತಿಯಿಂದಲೂ ಬೀಳುತ್ತದೆ. ನಮ್ಮ ಮನೆಗಳಲ್ಲಿ ಬೆಳಕಿಗೆ ಕಿಟಕಿಯೊಂದೇ ದಾರಿ. ಗಿಡ ಅತ್ತಲೇ ವಾಲುತ್ತದೆ. ಆಗಾಗ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಅತಿ ನೀರಿಗೆ ಬೇರು ಕೊಳೆಯುತ್ತದೆ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಪಾಮ್ ಹೌಸ್‌ನ ಬಾಳೆ, ಕಾಫಿ, ಮೆಣಸಿನ ಬಳ್ಳಿಗಳ ಮುಂದೆ ಜನ ನಿಂತು ಫಲಕ ಓದುತ್ತಾರೆ. ಇವನ್ನು ತೋಟದಲ್ಲೇ ಕಂಡ ಮಲೆನಾಡಿನವರಿಗೆ ನಗು ಬಂದೀತು. ಲಾಲ್‌ಬಾಗನ್ನು 1874ರಿಂದ ಬೆಳೆಸಿದ ಜಾನ್ ಕ್ಯಾಮರೂನ್ ಈ ಕ್ಯೂನಿಂದಲೇ ಬಂದವರು. ಆದರೆ ಅವರ ಕಾಲದಲ್ಲಿ ಎದ್ದ ಲಾಲ್‌ಬಾಗ್ ಗಾಜಿನ ಮನೆ ಫಲಪುಷ್ಪ ಪ್ರದರ್ಶನಕ್ಕೆ ಸೈ. ತಾಳೆಗೆ ಅಲ್ಲಿ ಅದು ಬೇಕಿಲ್ಲ, ಬಯಲೇ ಸಾಕು.

ಪಾಮ್ ಹೌಸ್‌ಗೆ ದೊಡ್ಡ ದುರಸ್ತಿಯ ಯೋಜನೆಯಿದೆ. ಟಿಕೆಟ್ ಕೊಳ್ಳುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.