ಜನಾಂಗವಾಚಕ ಶಬ್ದಗಳ ಅರ್ಥಪಲ್ಲಟ

ಭಾಷೆಯ ಶಬ್ದಗಳಿಗೆ ಕಾಲಕ್ರಮದಲ್ಲಿ ಹೊಸ ಅರ್ಥ ಕೂಡುವುದೂ ಹಳೆಯ ಅರ್ಥ ಕಳೆಯುವುದೂ ಸಹಜ. ಉತ್ತಮಾರ್ಥದ ಶಬ್ದ ಹೀನಾರ್ಥಕ್ಕೆ ಇಳಿಯುವುದುಂಟು. ಹೀನವೆನಿಸಿದ್ದು ಉದಾತ್ತವಾಗುವುದೂ ಉಂಟು. ಆದರೆ ಆ ಶಬ್ದವು ಒಂದು ಜನಸಮುದಾಯದ ಹೆಸರಾಗಿದ್ದಲ್ಲಿ ಈ ಪಲ್ಲಟವು ಕೇವಲ ಶಬ್ದಶಾಸ್ತ್ರದ ವಿಷಯವಾಗಿ ಉಳಿಯದೆ, ಆ ಜನರ ಮಾನದ ಪ್ರಶ್ನೆಯಾಗುತ್ತದೆ. ಅಮೆರಿಕದಲ್ಲಿ ಆಫ್ರಿಕ ಮೂಲದ ಜನರಿಗೆ ಸಂದ ಹೆಸರುಗಳ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ.

‘ನೀಗ್ರೋ’ ಎಂಬುದು ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ಶಬ್ದ. ಅದರ ಮೂಲಾರ್ಥ ‘ಕಪ್ಪು’ ಎಂದಿಷ್ಟೆ. ಹದಿನಾರನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂದಿತು. ಆಫ್ರಿಕದ ತೀರದಿಂದ ಹಡಗುಗಳಲ್ಲಿ ಒಯ್ಯಲ್ಪಟ್ಟ ಜನರಿಗೆ ತಮ್ಮ ತಮ್ಮ ಕುಲ, ನಾಡು, ನುಡಿಗಳ ಹೆಸರುಗಳು ಇದ್ದೇ ಇದ್ದವು. ಅವೆಲ್ಲವನ್ನೂ ಅಳಿಸಿ, ಮೈಬಣ್ಣವೊಂದನ್ನೇ ಹೆಸರಾಗಿಸಿದವರು ಅವರನ್ನು ಕೊಂಡವರು. ಇದೇ ಮೂಲದಿಂದ ವಿಕಾರಗೊಂಡ ಇನ್ನೊಂದು ರೂಪವಂತೂ ಶುದ್ಧ ಬೈಗುಳಾಗಿ, ಇಂದು ಉಚ್ಚರಿಸಲೂ ಬಾರದ ಶಬ್ದವಾಗಿದೆ.

೧೮೬೫ರಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಅನಂತರದ ದಶಕಗಳಲ್ಲಿ ‘ಕಲರ್ಡ್’, ಎಂದರೆ ‘ಬಣ್ಣದ ಜನ’ ಎಂಬುದು ಸಭ್ಯವಾದ ಹೆಸರೆನಿಸಿತ್ತು. ೧೯೦೯ರಲ್ಲಿ ಸ್ಥಾಪಿತವಾದ ಅವರ ಪ್ರಮುಖ ಹಕ್ಕುರಕ್ಷಣಾ ಸಂಸ್ಥೆಯ ಹೆಸರಿನಲ್ಲಿ ಆ ಶಬ್ದ ಇಂದಿಗೂ ಉಳಿದಿದೆ. ಕ್ರಮೇಣ ಸಮುದಾಯದ ನಾಯಕರು ‘ನೀಗ್ರೋ’ ಶಬ್ದವನ್ನೇ ಎತ್ತಿಹಿಡಿದು, ಅದರ ಮೊದಲಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಹೋರಾಡಿದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅದಕ್ಕೆ ಒಪ್ಪಿದ್ದು ೧೯೩೦ರಲ್ಲಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಆದರೂ ‘ಅವನು’ ಎನ್ನುವಲ್ಲಿ ‘ಅವರು’ ಎಂದಾಗ ಆಗುವ ವ್ಯತ್ಯಾಸವನ್ನು ನೆನೆದರೆ, ಈ ಒಂದಕ್ಷರದ ಹೋರಾಟದ ಮರ್ಮ ತಿಳಿದೀತು.

ಆಗಲೂ ಎಲ್ಲರಿಗೂ ಆ ಹೆಸರು ಸಮ್ಮತವಾಗಿರಲಿಲ್ಲ. ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರು ಸಂಪಾದಿಸುತ್ತಿದ್ದ ‘ದಿ ಕ್ರೈಸಿಸ್’ ಪತ್ರಿಕೆಗೆ ೧೯೨೮ರಲ್ಲಿ ಶಾಲಾ ವಿದ್ಯಾರ್ಥಿಯೊಬ್ಬನು ಪತ್ರ ಬರೆದು, ‘ನೀಗ್ರೋ’ ಎಂಬ ಶಬ್ದವನ್ನು ಏಕೆ ಬಳಸುತ್ತೀರೆಂದು ಆಕ್ಷೇಪಿಸಿದನು. ಹೆಸರು ಕೇವಲ ಸಂಕೇತ. ತಿರಸ್ಕಾರವು ಜನರ ಬಗೆಗೇ ಇರುವಾಗ ಹೆಸರನ್ನು ಬದಲಿಸಿದ ಮಾತ್ರಕ್ಕೆ ಅದು ಅಳಿಯದು ಎಂಬುದು ಡುಬಾಯ್ಸ್ ಅವರ ಉತ್ತರದ ಸಾರ. ೧೯೬೩ರ ವಾಷಿಂಗ್ಟನ್ ಭಾಷಣದಲ್ಲಿಯೂ ಮಾರ್ಟಿನ್ ಲೂಥರ್ ಕಿಂಗ್ ಅವರು ‘ನೀಗ್ರೋ’ ಎಂದೇ ನುಡಿದರು. ಅಂದು ಅದು ಗೌರವದ ಶಬ್ದವಾಗಿತ್ತು.

ಆದರೆ ೧೯೬೬ರಲ್ಲಿ ಸ್ಟೋಕ್ಲಿ ಕಾರ್ಮೈಕೇಲ್ ಅವರು ‘ಬ್ಲ್ಯಾಕ್ ಪವರ್’ ಘೋಷಣೆಯನ್ನು ಮೊಳಗಿಸಿದ ಮೇಲೆ ಗಾಳಿ ತಿರುಗಿತು. ಅದುವರೆಗೆ ಅನೇಕರಿಗೆ ಅವಮಾನವೆನಿಸಿದ್ದ ‘ಬ್ಲ್ಯಾಕ್’ ಶಬ್ದವು ಅಭಿಮಾನದ ಹೆಸರಾಯಿತು. ‘ನೀಗ್ರೋ’ ಹಿಂದೆ ಸರಿಯಿತು. ೧೯೮೮ರಲ್ಲಿ ಜೆಸ್ಸಿ ಜಾಕ್ಸನ್ ಅವರು, ಬಣ್ಣಕ್ಕಿಂತ ಮೂಲದ ನಾಡನ್ನು ಸೂಚಿಸುವ ‘ಆಫ್ರಿಕನ್ ಅಮೆರಿಕನ್’ ಎಂಬ ಹೆಸರನ್ನು ಪ್ರತಿಪಾದಿಸಿದರು. ೨೦೧೦ರ ಜನಗಣತಿಯ ನಮೂನೆಯಲ್ಲಿದ್ದ ‘ನೀಗ್ರೋ’ ೨೦೨೦ರ ನಮೂನೆಯಲ್ಲಿ ಇಲ್ಲವಾಯಿತು. ೨೦೨೦ರಲ್ಲಿಯೇ ಅಲ್ಲಿನ ಪ್ರಮುಖ ಪತ್ರಿಕೆಗಳು ‘ಬ್ಲ್ಯಾಕ್’ ಶಬ್ದಕ್ಕೂ ದೊಡ್ಡಕ್ಷರವನ್ನು ಸಲ್ಲಿಸಿದವು.

ಇಲ್ಲಿ ವಿಚಾರಣೀಯ ಸಂಗತಿಯೊಂದಿದೆ. ‘ನೀಗ್ರೋ’ ಎಂದರೂ ಕಪ್ಪು, ‘ಬ್ಲ್ಯಾಕ್’ ಎಂದರೂ ಕಪ್ಪು. ನಿಘಂಟಿನ ಅರ್ಥ ಒಂದೇ ಆಗಿದ್ದರೂ ಒಂದು ಇಳಿಯಿತು, ಇನ್ನೊಂದು ಏರಿತು. ಕಾರಣ ಧಾತುವಿನಲ್ಲಿಲ್ಲ. ಮೊದಲನೆಯದನ್ನು ಕೊಟ್ಟವರು ಅನ್ಯರು. ಎರಡನೆಯದನ್ನು ಆ ಜನರು ತಲೆಯೆತ್ತಿ ತಾವೇ ಆರಿಸಿಕೊಂಡರು.

ಇದರ ಪ್ರತಿಧ್ವನಿ ಭಾರತದಲ್ಲಿಯೂ ಕೇಳಿಬಂದಿದೆ. ಅಮೆರಿಕದ ‘ಬ್ಲ್ಯಾಕ್ ಪ್ಯಾಂಥರ್ಸ್’ ಪಕ್ಷದಿಂದ ಸ್ಫೂರ್ತಿ ಪಡೆದು, ೧೯೭೨ರಲ್ಲಿ ಮುಂಬಯಿಯಲ್ಲಿ ‘ದಲಿತ ಪ್ಯಾಂಥರ್ಸ್’ ಹುಟ್ಟಿತು. ಗಾಂಧೀಜಿಯವರು ಸದ್ಭಾವದಿಂದಲೇ ಪ್ರಚಾರಕ್ಕೆ ತಂದ ‘ಹರಿಜನ’ ಎಂಬ ಹೆಸರನ್ನು ಅಂಬೇಡ್ಕರರು ಒಪ್ಪಲಿಲ್ಲ. ಅದರ ಅರ್ಥ ಮಧುರವಾಗಿದ್ದರೂ ಕೊಟ್ಟವರು ಬೇರೆಯವರು. ‘ದಲಿತ’ ಎಂದರೆ ಸೀಳಲ್ಪಟ್ಟದ್ದು, ತುಳಿಯಲ್ಪಟ್ಟದ್ದು ಎಂದು ಅರ್ಥ. ಅದು ಕಠೋರವಾದರೂ ಸ್ವಯಂವೃತವಾದ ಹೆಸರು.

ಶರಣಸಾಹಿತ್ಯದ ಅಭ್ಯಾಸಿಗಳಿಗೆ ಇದು ತೀರ ಅಪರಿಚಿತವೇನಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಎಂಬಲ್ಲಿ ಲೋಕವು ಹೀನವೆಂದು ಕಂಡ ಕುಲಸೂಚಕ ಪದಗಳೇ ಶರಣರ ನಾಮದ ಮುಂದೆ ನಿಂತು ಪೂಜ್ಯವಾದವು. ಆದರೆ ಅನುಭಾವಿಗಳ ಬಳಗದಲ್ಲಿ ಪೂಜ್ಯವಾದ ಆ ಪದಗಳು ಊರ ಬೀದಿಯಲ್ಲಿ ಬೈಗುಳಾಗಿಯೇ ಮುಂದುವರಿದವು ಎಂಬುದನ್ನು ಮರೆಯಲಾಗದು. ಆಡುವ ನಾಲಗೆ ಬದಲಾದರೆ ಶಬ್ದದ ತೂಕವೂ ಬದಲಾಗುತ್ತದೆ.

ಹಾಗಾದರೆ ವಿದ್ಯಾರ್ಥಿಗಳ ಕರ್ತವ್ಯವೇನು? ಹಳೆಯ ಗ್ರಂಥಗಳಲ್ಲಿಯೂ ಅನುವಾದಗಳಲ್ಲಿಯೂ ‘ನೀಗ್ರೋ’ ಎಂದಿದ್ದರೆ ಅದನ್ನು ತಿದ್ದಬೇಕಾಗಿಲ್ಲ. ಬರೆದ ವರ್ಷವನ್ನು ನೋಡಿ, ಅಂದಿನ ಅರ್ಥದಲ್ಲಿಯೇ ಗ್ರಹಿಸಬೇಕು. ೧೯೬೩ರ ಭಾಷಣಕಾರನಲ್ಲಿ ಇಂದಿನ ದೋಷವನ್ನು ಹುಡುಕುವುದು ಅನ್ಯಾಯ. ಅವನು ಬಳಸಿದನೆಂದು ನಾವಿಂದು ಬಳಸುವುದೂ ಅಷ್ಟೇ ಅನ್ಯಾಯ. ಹೆಸರು ಬದಲಾದ ಮಾತ್ರಕ್ಕೆ ಅನ್ಯಾಯ ಅಳಿಯದೆಂಬ ಡುಬಾಯ್ಸ್ ಅವರ ಮಾತು ನಿಜ. ಆದರೆ ಒಂದು ಜನ ತಾನು ಆರಿಸಿಕೊಂಡ ಹೆಸರಿನಿಂದ ಕರೆಯಿರೆಂದು ಕೇಳಿದಾಗ ಅದನ್ನು ನಿರಾಕರಿಸುವುದು ಹಳೆಯ ಅನ್ಯಾಯವನ್ನು ಮುಂದುವರಿಸಿದಂತೆ. ಆ ಹೆಸರು ನಾಳೆ ಮತ್ತೆ ಬದಲಾದರೆ, ಕೇಳಿ ತಿಳಿದು ತಿದ್ದಿಕೊಳ್ಳುವುದೇ ವಿವೇಕಿಗಳ ಮಾರ್ಗ.