ನಿಮಗಿದು ಗೊತ್ತೆ? ಹೈಬ್ರಿಡ್ ಕಾರು: ಲಂಕೆಯಲ್ಲಿ ಮಾಮೂಲಿ, ಇಲ್ಲಿ ದುಬಾರಿ

ಕೊಲಂಬೊ ರಸ್ತೆಗಳಲ್ಲಿ ಟೊಯೊಟಾ ಅಕ್ವಾ, ಪ್ರಿಯಸ್, ಹೋಂಡಾ ವೆಜೆಲ್ ಹೈಬ್ರಿಡ್‌ಗಳು ಮಾಮೂಲಿ. ನಮ್ಮಲ್ಲಿ ಹೈಬ್ರಿಡ್ ಇನ್ನೂ ದುಬಾರಿ ಆಯ್ಕೆ. ಇದಕ್ಕೆ ಜನರ ಅಭಿರುಚಿಗಿಂತ ತೆರಿಗೆಯೇ ದೊಡ್ಡ ಕಾರಣ. ಶ್ರೀಲಂಕಾ ಕಳೆದ ದಶಕದಲ್ಲಿ ಹೈಬ್ರಿಡ್‌ಗೆ ಸುಂಕ ರಿಯಾಯಿತಿ ನೀಡಿತು. ಜಪಾನಿನ ಸೆಕೆಂಡ್‌ಹ್ಯಾಂಡ್ ಕಾರುಗಳನ್ನೂ ಒಳಗೆ ಬಿಟ್ಟಿತು. ಭಾರತವೋ ಹಳೆಯ ಕಾರುಗಳ ಆಮದಿಗೆ ಭಾರಿ ಸುಂಕದ ಗೋಡೆ ಕಟ್ಟಿದೆ. 2017ರ ಜಿಎಸ್‌ಟಿಯಲ್ಲಿ ದೊಡ್ಡ ಹೈಬ್ರಿಡ್‌ಗಳಿಗೆ ಸೆಸ್ ಸೇರಿ ಶೇ 43 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40ಕ್ಕೆ ಇಳಿಯಿತು. ವಿದ್ಯುತ್ ಕಾರಿಗೆ ಮಾತ್ರ ಬರೀ ಶೇ 5. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೂ ಶೇ 40ರ ಹೊರೆಯೇ.

ಹೈಬ್ರಿಡ್ ಕೊನೆಗೂ ಪೆಟ್ರೋಲ್ ಕುಡಿಯುವ ಗಾಡಿಯಲ್ಲವೇ, ರಿಯಾಯಿತಿ ಏಕೆ ಎನ್ನುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ, ಹೊಗೆಯೇ ಇಲ್ಲದ ಕಾರಿಗೆ ಹೆಚ್ಚು ಒತ್ತಾಸೆ ಸಿಗಲಿ. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಹೈಬ್ರಿಡ್‌ನ ಎಂಜಿನ್ ಬಹುಪಾಲು ಆಫ್ ಆಗಿರುತ್ತದೆ, ಬ್ರೇಕ್ ಒತ್ತಿದಾಗ ವ್ಯರ್ಥವಾಗಬೇಕಿದ್ದ ಶಕ್ತಿಯ ಒಂದಷ್ಟು ಪಾಲು ಬ್ಯಾಟರಿಗೆ ಸೇರುತ್ತದೆ, ಚಾರ್ಜಿಂಗ್ ಕೇಂದ್ರ ಹುಡುಕಬೇಕಿಲ್ಲ. ಇಷ್ಟು ಇಂಧನ ಉಳಿಸುವ ಕಾರಿಗೂ ಅದೇ ಗಾತ್ರದ ಪೆಟ್ರೋಲ್ ಕಾರಿಗೂ ಹೆಚ್ಚುಕಡಿಮೆ ಒಂದೇ ತೆರಿಗೆ ಹಾಕುವುದು ನ್ಯಾಯವಲ್ಲ. ರಿಯಾಯಿತಿಗೆ ನಮ್ಮ ದೇಶದಲ್ಲೇ ಮಾದರಿಯಿದೆ: 2024ರಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್‌ಗಳ (ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೂ ಓಡಬಲ್ಲವು) ನೋಂದಣಿ ತೆರಿಗೆ ಮನ್ನಾ ಮಾಡಿತು. ಲಂಕೆಯ ದಾರಿಯನ್ನೂ ಕಣ್ಣುಮುಚ್ಚಿ ಹಿಡಿಯುವಂತಿಲ್ಲ: ಆಮದನ್ನೇ ನೆಚ್ಚಿದ್ದ ಆ ದೇಶ ವಿದೇಶಿ ವಿನಿಮಯ ಉಳಿಸಲು 2020ರಲ್ಲಿ ವಾಹನ ಆಮದು ನಿಲ್ಲಿಸಿತು, ಖಾಸಗಿ ಕಾರುಗಳಿಗೆ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ.