ಹೃದಯದ ವಿದ್ಯುತ್ ನಕ್ಷೆ ಮತ್ತು ವಂಶವಾಹಿ ಲಯದೋಷಗಳು

ಹೃದಯದ ಬಲಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ಗಂಟಿನಲ್ಲಿ ಪ್ರತಿ ಬಡಿತಕ್ಕೂ ಮುನ್ನ ಹುಟ್ಟುವ ವಿದ್ಯುತ್ ಪ್ರಚೋದನೆಯು ಹೃತ್ಕರ್ಣಗಳನ್ನು ದಾಟಿ ಬಂದು, ಕೆಳಗಿನ ಹೃತ್ಕುಕ್ಷಿಗಳನ್ನು ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ವ್ಯಾಪಿಸುತ್ತದೆ. ಈ ಸಂಚಾರವು ಜೀವಕೋಶದ ಪೊರೆಯಲ್ಲಿರುವ ಅಯಾನು ಕಾಲುವೆಗಳನ್ನು, ಅಂದರೆ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಕಣಗಳನ್ನು ಒಳಹೊರಗೆ ಬಿಡುವ ಪ್ರೋಟೀನ್ ದ್ವಾರಗಳನ್ನು ಅವಲಂಬಿಸಿದೆ; ಅವುಗಳನ್ನು ರೂಪಿಸುವ ಜೀನಿನಲ್ಲಿ ದೋಷವಿದ್ದರೆ, ಕವಾಟ, ರಕ್ತನಾಳ, ಸ್ನಾಯುಗಳೆಲ್ಲ ನೆಟ್ಟಗಿದ್ದರೂ ಲಯ ಒಮ್ಮೆಲೇ ಕೆಟ್ಟು, ಗಟ್ಟಿಮುಟ್ಟಾಗಿ ಕಾಣುವ ಹರೆಯದವರೂ ಕುಸಿದು ಸಾಯಬಹುದು.

ಪ್ರಚೋದನೆ ಯಾವ ಜಾಗವನ್ನು ಯಾವ ಕ್ಷಣದಲ್ಲಿ ಮುಟ್ಟಿತೆಂಬುದನ್ನು ಗುರುತಿಸುವುದೇ ವಿದ್ಯುತ್ ನಕ್ಷೆ. ತೊಡೆಯ ರಕ್ತನಾಳದ ಮೂಲಕ ತೂರಿಸಿದ ಕ್ಯಾಥೆಟರ್ ಎಂಬ ತೆಳುನಳಿಗೆಯ ತುದಿ ಹೃದಯದ ಒಳಗೋಡೆಯನ್ನು ಸೋಕುತ್ತ ಸಾಗಿದಂತೆ ಕಂಪ್ಯೂಟರ್ ಮೂರು ಆಯಾಮದ ಚಿತ್ರವನ್ನು ಕಟ್ಟಿ, ಮೊದಲು ಪ್ರಚೋದಿತವಾದ ಭಾಗಕ್ಕೆ ಕೆಂಪನ್ನೂ ಕೊನೆಯದಕ್ಕೆ ನೇರಳೆಯನ್ನೂ ಬಳಿಯುತ್ತದೆ. ಪೆಡ್ರೊ ಮತ್ತು ಜೋಸೆಪ್ ಬ್ರುಗಾಡ ಸಹೋದರರು 1992ರಲ್ಲಿ ವಿವರಿಸಿದ ಬ್ರುಗಾಡ ಲಕ್ಷಣಕೂಟವೆಂಬ ವಂಶವಾಹಿ ಲಯದೋಷದಲ್ಲಿ ಈ ನಕ್ಷೆಯ ಬೆಲೆ ಎದ್ದುಕಂಡಿತು: ಬಲಹೃತ್ಕುಕ್ಷಿಯಿಂದ ಶ್ವಾಸಕೋಶದತ್ತ ರಕ್ತ ಹೊರಹೋಗುವ ದಾರಿಯ ಹೊರಮೈಯಲ್ಲಿ ಸಂಕೇತಗಳು ತುಂಡುತುಂಡಾಗಿ, ತಡವಾಗಿ ಬರುತ್ತವೆಂದೂ ಆ ಭಾಗವನ್ನು ರೇಡಿಯೊ ತರಂಗದ ಶಾಖದಿಂದ ಸುಟ್ಟರೆ ಮಾರಕ ಕಂಪನ ಮರುಕಳಿಸುವುದು ತಗ್ಗುತ್ತದೆಂದೂ ನಾಡೆಮನಿ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು.

ದೀರ್ಘ ಕ್ಯುಟಿ ಲಕ್ಷಣಕೂಟವೆಂಬ ಇನ್ನೊಂದು ವಂಶವಾಹಿ ಲಯದೋಷದಲ್ಲಿ ಹೀಗೆ ಸುಡಬಹುದಾದ ಒಂದು ತಾಣ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ದೋಷವು ಹೃತ್ಕುಕ್ಷಿಯ ಕೋಶಕೋಶದಲ್ಲೂ ಹರಡಿರುತ್ತದೆ. ಇಲ್ಲಿ ಬೀಟಾ ತಡೆಮದ್ದು, ಅಗತ್ಯವಿದ್ದವರಿಗೆ ಎದೆಯಲ್ಲಿ ಅಳವಡಿಸುವ ಆಘಾತಯಂತ್ರ ಇವೇ ಮುಖ್ಯ ಆಸರೆ. ಪತ್ತೆಗೆ ಸಾಮಾನ್ಯ ಇಸಿಜಿಯೇ ದೊಡ್ಡ ಸಾಧನವಾಗಿದ್ದು, ಹೃತ್ಕುಕ್ಷಿಗಳು ಪ್ರಚೋದನೆಗೊಂಡು ಮತ್ತೆ ಸಿದ್ಧವಾಗಲು ಹಿಡಿಯುವ ಕ್ಯುಟಿ ಅವಧಿಯು, ಬಡಿತದ ವೇಗಕ್ಕೆ ಹೊಂದಿಸಿದ ಮೇಲೂ 480 ಮಿಲಿಸೆಕೆಂಡು ಮೀರಿದರೆ ಬಲವಾದ ಶಂಕೆ ಹುಟ್ಟುತ್ತದೆ. ಈ ಲಕ್ಷಣಕೂಟದ ಒಂದು ತೀವ್ರ ಬಗೆಯನ್ನು ನಾರ್ವೆಯ ವೈದ್ಯರಾದ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ 1957ರಲ್ಲಿ ಹುಟ್ಟುಕಿವುಡಿನ ಮಕ್ಕಳಲ್ಲಿ ಕಂಡರು. ದೋಷಯುಕ್ತ ಜೀನು ತಂದೆತಾಯಿ ಇಬ್ಬರಿಂದಲೂ ಬಂದಾಗ ಅದು ತಲೆದೋರುವುದರಿಂದ, ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯಿರುವ ಕರ್ನಾಟಕಕ್ಕೆ ಈ ವಿಷಯ ಹತ್ತಿರದ್ದು. ಕಿವಿ ಕೇಳದ ಮಗು ಓಡುವಾಗ, ಬೆದರಿದಾಗ ಎಚ್ಚರ ತಪ್ಪಿದರೆ ಅದನ್ನು ಮೂರ್ಛೆರೋಗವೆಂದು ತೀರ್ಮಾನಿಸುವ ಮೊದಲು ಇಸಿಜಿ ತೆಗೆಸಲೇಬೇಕು.

ಕ್ಯಾಥೆಟರ್ ನಕ್ಷೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಯೇ ಬೇಕು. ಆದರೆ ಇಸಿಜಿಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂತಹ ತಾಲ್ಲೂಕುಗಳ ಜನ ಅಷ್ಟು ದೂರ ಹೋಗಬೇಕಿಲ್ಲ. ಹೃದಯಾಘಾತದ ಪತ್ತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಯುವ ಅದೇ ಪಟ್ಟಿಯಲ್ಲಿ ಕ್ಯುಟಿ ಅವಧಿಯನ್ನೂ ಅಳೆಯಬಹುದು. ಹರೆಯದವರೊಬ್ಬರು ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ ಮನೆಯವರು, ಮೃತರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೆಲ್ಲರಿಗೂ ತಡಮಾಡದೆ ಇಸಿಜಿ ತೆಗೆಸಿ, ಆ ಸಾವಿನ ಸಂಗತಿಯನ್ನು ವೈದ್ಯರಿಗೆ ಬಿಡಿಸಿ ಹೇಳಬೇಕು.